ದಾರ ಸುತ್ತಿದ ಕನ್ನಡಕ

ಬಟವಾಡಿಯ ಕಣ್ಣಿನ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ, ಆಚೆಗೆ ಆಕೆಯ ತಂಗಿಯ ಮಗ ರೇಣುಕಾ ಕೂತಿದ್ದರು. ಅಜ್ಜಿಯ ಕನ್ನಡಕದ ಕಡ್ಡಿಗೆ ಕೆಂಪು ದಾರ ಸುತ್ತಿತ್ತು.

"ರೇಣುಕಾ, ನೀನು ಪೇಪರ್‌ಗೆ, ಫೇಸ್‌ಬುಕ್‌ಗೆ ಕಾರ್ಟೂನ್ ಬರೀತೀಯಲ್ಲ, ಹೋದ ವಾರದ್ದು ನಮ್ಮೂರು ಕಡಬದಲ್ಲಿ ಎಲ್ಲರ ಮೊಬೈಲಲ್ಲೂ ಐತಂತೆ," ಎಂದಳು ಅಜ್ಜಿ.

"ಯಾವುದು ದೊಡ್ಡಮ್ಮ?"

"ಎಲೆಕ್ಷನ್ ಸೀರೆ ಹಂಚೋವಾಗ ಒಬ್ಬ ಮುದುಕಿ ಎಲ್ಲರನ್ನೂ ತಳ್ಳಿ ಎರಡು ಸೀರೆ ಕಿತ್ಕೊತಾಳಂತಲ್ಲ, ಅದು."

ಅವನು ತನ್ನ ಚಪ್ಪಲಿ ನೋಡುತ್ತ ಕೂತ.

"'ಕರಿಬಸಕ್ಕ, ಅದು ನೀನೇ ಕಣಕ್ಕ, ಕನ್ನಡಕಕ್ಕೆ ದಾರಾನೂ ಐತೆ' ಅಂತಾರೆ ಊರೋರು," ಎಂದಳು ಅಜ್ಜಿ.

"ಅರ್ಜೆಂಟಲ್ಲಿ ಒಂದು ಮುಖ ಬೇಕಾಗಿತ್ತು ದೊಡ್ಡಮ್ಮ..."

"ನಾನು ಒಪ್ಪಲಿಲ್ಲ ಬುಡು. ನಾನು ಸಾಕಿದ ಹುಡ್ಗ ನನ್ನೇ ಹಂಗೆ ಬರೀತಾನಾ ಅಂತ ಜಗಳಾನೇ ಆಡ್ದೆ."

ಅವನು ಕೈಲಿದ್ದ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ನಂಗೆ ಮೊಬೈಲಲ್ಲಿ ಏನೂ ಕಾಣಲ್ಲ. ಹೊಸ ಕನ್ನಡಕ ಬರ್ಲಿ, ನಾನೇ ನೋಡಿ ಅವರ ಬಾಯಿ ಮುಚ್ಚಿಸ್ತೀನಿ."

"ಕರಿಬಸಮ್ಮ ಯಾರು, ಬನ್ನಿ," ಎಂದು ನರ್ಸ್ ಕರೆದಳು.

ಅವನು ಏಳಲಿಲ್ಲ. ಕಡೆಗೆ ಅವಳೇ ತಡವಿ ಅವನ ಕೈ ಹಿಡಿದುಕೊಂಡು, "ಏಳ್ಲಾ," ಎಂದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು.