ಞ ಅಕ್ಷರದಲ್ಲಿ ಒಂದು ಚುಕ್ಕೆ ಹೆಚ್ಚು

"ಹಲೋ... ಯಾರು ಮಾತಾಡ್ತಿರೋದು? ನಿಧೀನಾ? ನಾನಮ್ಮ, ಹಮಾಮತ್ಸು ವಿಜಯಾ ಆಂಟಿ. ಅಪ್ಪ ಇದಾರಾ?... ಹಾಂ, ಯೆಸ್, ಡ್ಯಾಡ್. ಕೊಡು ಪುಟ್ಟಾ."

ವಿಜಯಾ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡಳು. ಬೆರಳುಗಳಿಗೆ ಇನ್ನೂ ಕರಗಿದ ರಬ್ಬರಿನ ಕಪ್ಪು ಮೆತ್ತಿತ್ತು. ಎದುರಿಗೆ ಮುಚ್ಚಳ ಬಿಚ್ಚಿದ ಹಳೆಯ ಕಂಪ್ಯೂಟರು.

"ಶ್ರೀಹರಿ, ನಾನು, ಅತ್ತಿಗೆ... ಇಲ್ಲಪ್ಪ, ಮಂಡಿ ನೋವೆಲ್ಲ ಏನಿಲ್ಲ. ನಾಳೆ ಫಂಕ್ಷನ್‌ಗೆ ಬರದೇ ಇರೋಕೆ ಅದೊಂದು ನೆಪ ಅಷ್ಟೆ. ಫ್ಲಾಪಿ ಡ್ರೈವ್ ರಿಪೇರಿ ಮಾಡ್ತಿದ್ದೆ."

"...ಹಾಂ, ಅದೇ. ನೀನು ನಮ್ಮನೆಗೆ ಊಟಕ್ಕೆ ಬರ್ತಿದ್ದಾಗ ಇತ್ತಲ್ಲ, ಅದೇ ಕಂಪ್ಯೂಟರ್... ಯಾರು ಮಾಡಿದ್ದು ಅಂದ್ರೆ? ನಾನೇ. ಒಳಗಿನ ಬೆಲ್ಟು ಕರಗಿ ಅಂಟಂಟಾಗಿ ಹೋಗಿತ್ತು. ಹತ್ತಿ ಕಡ್ಡೀಲಿ ಸ್ಪಿರಿಟ್ ಹಚ್ಚಿ ಮೂರು ದಿನ ಉಜ್ಜಿದೆ. ಹೊಸ ಬೆಲ್ಟು ಪೋಸ್ಟಲ್ಲಿ ತರಿಸಿದೆ. ನಿನ್ನೆ ತಿರುಗ್ತು ನೋಡು."

"...ಈಗ್ಯಾಕೆ ಅಂದ್ರೆ? ನಿನ್ನ ಪೋಸ್ಟರ್ ನೋಡಿ. 'ಜಪಾನ್ ಕನ್ನಡ ಸಂಘದ ಪತ್ರಿಕೆಗೆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ರೂಪಿಸಿದ ಶ್ರೀಹರಿಯವರಿಗೆ ಸನ್ಮಾನ.' ಅಕ್ಷರ ಎಲ್ಲಾ ದೊಡ್ಡದಾಗಿ ಹಾಕಿದಾರೆ. ಞ ನೋಡಿದ್ಯಾ? ಬಲಗಡೆ ಕೊನೇಲಿ ಒಂದು ಚುಕ್ಕೆ ಜಾಸ್ತಿ ಇದೆ. ಅದು ನನ್ನ ತಪ್ಪು ಕಣೋ. ಚೌಕದ ಹಾಳೇಲಿ ಬರ್ಕೊಂಡು, ಒಂದೊಂದೇ ಚುಕ್ಕೆ ಕೂರಿಸಿದ್ದು ನಾನು. ಎಂಟು ತಿಂಗಳು."

ಆಗ ಗಂಡ ಈಶ್ವರ ಅವಳಿಗೆ ಬೇರೆಯೇ ಹೇಳಿದ್ದ. ನಿನ್ನ ಅಕ್ಷರ ಪ್ರಿಂಟರಿಗೆ ಹೊಂದಲಿಲ್ಲ, ಶ್ರೀಹರಿ ಹೊಸದಾಗಿ ಮಾಡಿಕೊಟ್ಟಿದ್ದಾನೆ ಎಂದಿದ್ದ. ವಿಜಯಾ ನಂಬಿದಳು. ಕೆಲವು ದಿನಗಳಲ್ಲೇ ಡ್ರೈವೂ ಕೆಟ್ಟಿತು. ಆಮೇಲೆ ಅವಳು ಆ ಯಂತ್ರದ ಮುಂದೆ ಕೂರಲೇ ಇಲ್ಲ. ಇಂದು ಬೆಳಿಗ್ಗೆ ಫ್ಲಾಪಿ ಹಾಕಿ, ಪೋಸ್ಟರನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡಿದ್ದಳು. ಒಂದು ಚುಕ್ಕೆಯೂ ಆಚೀಚೆ ಇರಲಿಲ್ಲ.

"...ಅಲ್ವಾ? ಅಲ್ಲ ಅನ್ನು ನೋಡೋಣ. ಡಿಸ್ಕಲ್ಲಿ ತಾರೀಕಿದೆ, ನನ್ನ ಹೆಸರಿದೆ... ಅಳಬೇಡ. ನಿನ್ನ ಅಳು ತಗೊಂಡು ನಾನೇನು ಮಾಡ್ಲಿ? ನನ್ನ ಅಕ್ಷರಾನೇ ತೋರಿಸಿ ಶಿನಾಗಾವಾದಲ್ಲಿ ಕೆಲಸ ತಗೊಂಡೆ, ಅಲ್ವಾ?"

"...ಏನಂದೆ? ಇವರಾ? ಇವರೇ ಹೇಳಿದ್ರಾ?... ಇನ್ನೊಂದ್ ಸಲ ಹೇಳು. 'ಅವಳ ಹೆಸರು ಹಾಕಿದ್ರೆ, ಈಶ್ವರನ ಕೈಲಿ ಆಗಲಿಲ್ಲ, ಹೆಂಡತಿ ಹತ್ರ ಮಾಡಿಸಿದ ಅಂತಾರೆ'... ಹಂಗಂದ್ರಾ? ಇವರು?"

ವಿಜಯಾ ಕುರ್ಚಿಯ ಬೆನ್ನು ಹಿಡಿದು ನಿಂತಳು. ಶ್ರೀಹರಿಯನ್ನು ಬೈಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಅಲ್ಲಿಗೇ ಬಿಟ್ಟಳು.

"...ಇವರು ನಾಳೆ ನಿಂಗೆ ಶಾಲು ಹೊದಿಸ್ತೀನಿ ಅಂತ ಬಂದು ನಿಮ್ಮನೇಲೇ ಕೂತಿದಾರಲ್ಲ. ಕೊಡು ಫೋನು."

"ರೀ... ಕೇಳಿಸ್ಕೊಂಡ್ರಲ್ಲ?... ಆ ಕಂಪ್ಯೂಟರ್ ಬಿಚ್ಚು ಅಂತ ಯಾರೂ ಹೇಳಲಿಲ್ಲ, ನಾನೇ ಬಿಚ್ಚಿದೆ... ಮನೆಗೆ ಬಂದ್ಮೇಲೆ ಮಾತಾಡೋದಾ? ಮೂವತ್ತೈದು ವರ್ಷ ಮನೇಲೇ ಇದ್ರಲ್ಲ ರೀ, ಒಂದಿನ ಮಾತಾಡಿದ್ರಾ?"

"...ಸಂಘದವರು ಆ ಕೆಲಸ ನಿಮಗೇ ಒಪ್ಪಿಸಿದ್ರು. ನಿಮಗೆ ಆಗಿರಲಿಲ್ಲ, ನಂಗೆ ಗೊತ್ತಿತ್ತು. ನೀವು ಬೇಜಾರು ಮಾಡ್ಕೋತೀರಿ ಅಂತ ನೀವು ಆಫೀಸಿಗೆ ಹೋದ್ಮೇಲೇ ಕೂತು ಮಾಡ್ತಿದ್ದೆ. ಮುಗಿದ ದಿನ ನಿಮಗೇ ಮೊದಲು ತೋರಿಸಿದ್ದು. ನೆನಪಿದ್ಯಾ?... ಚೆನ್ನಾಗಿದೆ ಅಂದ್ರಿ."

"...ಹಾಂ, ಸಂಘದ ಮರ್ಯಾದೆ. ಹಾಂ, ಶ್ರೀಹರಿ ಮರ್ಯಾದೆ. ಸರಿ. ನಾಳೆ ಅಲ್ಲಿ ನಿಂತು ನನ್ನ ಹೆಸರು ಹೇಳ್ತೀರಾ, ಇಲ್ವಾ? ಅಷ್ಟು ಹೇಳಿ ಸಾಕು... ಕೆಮ್ಮಬೇಡಿ. ಹೇಳ್ತೀರಾ, ಇಲ್ವಾ?... ರೀ?... ಹಲೋ?"

ಸಿಗ್ನಲ್ ಹೋದದ್ದಲ್ಲ. ಈಶ್ವರನೇ ಫೋನ್ ಕಟ್ ಮಾಡಿದ್ದ.