ಉದುರದ ಹೊಕ್ಕುಳಬಳ್ಳಿ

ಸ್ಟೇಷನ್ ರಸ್ತೆಯ ರಕ್ತ ತಪಾಸಣೆ ಕೇಂದ್ರದಲ್ಲಿ ತನ್ನ ಸಕ್ಕರೆ ವರದಿಗೆ ಕಾದು ಕೂತಿದ್ದ ಸಂಘಮಿತ್ರಾಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕೇಳುತ್ತಿತ್ತು. ತಿಕೋಟಾದ ಅತ್ತೆ, ತಿಂಗಳ ಕೂಸನ್ನು ಅವಚಿಕೊಂಡ ಸೊಸೆ.

“ಕೂಸಿನ ರಕ್ತ ತಗೊಂಡಾರ. ಈಗ ನಿಂದೂ ನನ್ನ ಮಗಂದೂ ಯಾಕ ಬೇಕ ಇವರಿಗಿ?”

“ಬಿಳಿ ರಕ್ತಕಣದ ಮ್ಯಾಲ ಇರಬೇಕಾದ ಒಂದು ಗುರುತು ಕೂಸಿಗಿ ಇಲ್ಲಂತ. ಅದಿಲ್ಲಂದ್ರ ಕಣ ಗಾಯದ ತನಕ ಹೋಗಂಗಿಲ್ಲ, ಕೀವ ಆಗಂಗಿಲ್ಲ, ಹೊಕ್ಕಳಾನೂ ಉದುರಂಗಿಲ್ಲಂತ. ತಂದಿ ತಾಯಿ ಇಬ್ಬರ ಕಡಿಂದೂ ಬರತೈತಂತ.”

“ನಮ್ಮ ಮನಿತನದಾಗ ಅಂಥಾದ್ದಿಲ್ಲ. ನಿಮ್ಮವ್ವನ ಕಡಿಂದ ಬಂದಿರಬೇಕು.”

“ಆಯಿ, ನಮ್ಮವ್ವ ನಿನ್ನ ಮಗಳು. ನನ್ನ ಸೋದರಮಾವಗ, ನಿನ್ನ ಮಗಗ, ನನ್ನ ತಂದುಕೊಂಡಾಕಿ ನೀನ.”

ಮುದುಕಿ ಸೆರಗು ಸರಿಮಾಡಿಕೊಂಡಳು. ಸೊಸೆ ಬಿಡಲಿಲ್ಲ.

“ಹೊಕ್ಕಳಾ ಉದುರಲಿಲ್ಲಂತ ಡಾಕ್ಟರಕಿಂತ ಮೊದಲ ನೀ ಅಂಜಿದಿ. ಯಾಕ?”

“ಅದು ಉದುರೂ ತನಕ ತೊಟ್ಟಲದಾಗ ಹಾಕಂಗಿಲ್ಲ, ಹೆಸರಿಡಂಗಿಲ್ಲ. ಅದಕ್ಕ.”

“ದಿನಾ ಬಿಚ್ಚಿ ನೋಡಿ, ಕೆಂಪಾದ್ರೂ ಕೀವ ಆಗವಲ್ದಲ್ಲಾ ಅಂತಿದ್ದಿ. ಕೀವ ಆಗದಿದ್ರ ಕೆಟ್ಟದ್ದಂತ ನಿನಗ ಯಾರ ಹೇಳ್ಯಾರ?”

“ರೋಹಿಣಿ ಅವರ ಕೂಸು!” ಒಳಗಿನಿಂದ ಕರೆದರು. ಇಬ್ಬರೂ ಎದ್ದರು. ಬಾಗಿಲ ಬಳಿ ಮುದುಕಿ ಮೊಮ್ಮಗಳ ಮೊಳಕೈ ಹಿಡಿದಳು.

“ನಿಮ್ಮವ್ವಗ ಹೇಳಬ್ಯಾಡ. ಆಕಿಗಿಂತ ಮೊದಲ ನನಗೊಂದು ಗಂಡು ಹುಟ್ಟಿತ್ತು. ನಲವತ್ತು ದಿನ ಇತ್ತು.”

“ಏನಂತ ಹೆಸರು?”

“ಅದರದೂ ಉದುರಲೇ ಇಲ್ಲ, ಯವ್ವಾ.”

ಬಾಗಿಲು ಮುಚ್ಚಿತು.