ಗಣಿ ಬಾಯಿಯ ಹನ್ನೆರಡು ಮಾರು

ವೈಶಾಖದ ಬಿಸಿಲು ನೆತ್ತಿಗೇರುವ ಮೊದಲೇ ಆ ಊರಿನ ಜನ ಹೂಳೆತ್ತಲು ಕಾಲುವೆಗೆ ಇಳಿದಿದ್ದರು. ಅವರ ನೀರುಗಂಟಿ, ಅಂದರೆ ಕೆರೆಯ ತೂಬು ತೆಗೆದು ಹೊಲಹೊಲಕ್ಕೆ ನೀರು ಹಂಚುವವನು, ಹಗ್ಗ ಹಿಡಿದು ತೂಬಿನಿಂದ ಕೆಳಕ್ಕೆ ಅಳೆಯುತ್ತಾ ಹೋಗುತ್ತಿದ್ದ. ತೋಡಲು ಮನೆಗೆ ಮೂರು ಮಾರು, ಅಂದರೆ ಚಾಚಿದ ಕೈಗಳಷ್ಟು ಉದ್ದ ಮೂರು ಸಲ. ದೊಡ್ಡ ಹಿಡುವಳಿಯವರಿಗೆ ಹೆಚ್ಚು. ತಮ್ಮ ಪಾಲು ಯಾರು ತೋಡಲಿಲ್ಲವೋ ಅವರ ಜಾಗದಲ್ಲಿ ಗೂಟ ನೆಟ್ಟು, ಮೇಲೊಂದು ಒಡೆದ ಮಡಕೆ ಕವುಚುವುದು. ಮಡಕೆ ಇಳಿಯುವವರೆಗೆ ಅವರಿಗೆ ನೀರಿಲ್ಲ. ನೋಡಿ, ಕೋರ್ಟು ಬೇಕಿತ್ತೇ, ಕಚೇರಿ ಬೇಕಿತ್ತೇ? ಒಂದು ಒಡಕು ಮಡಕೆ ಸಾಕಾಗಿತ್ತು.

ಆ ಊರಿಗೆ ಒಬ್ಬ ಧಣಿ. ಕೆರೆಯ ಮೇಲಿನ ಗುಡ್ಡ ಕೊರೆದು ಹತ್ತೊಂಬತ್ತು ವರ್ಷ ಅದಿರು ತೆಗೆದ. ಅದಿರು ಮುಗಿಯಿತು, ಕಂಪನಿಗೆ ಬೀಗ ಹಾಕಿ ಪಟ್ಟಣ ಸೇರಿದ. ಗಣಿಯ ಬಾಯಿಗೆ ಬೀಗ ಹಾಕಿದವರು ಯಾರು? ಯಾರೂ ಇಲ್ಲ. ಅಲ್ಲಿಂದ ತುಕ್ಕಿನ ಬಣ್ಣದ ನೀರು ಜಿನುಗಿ, ಹಳ್ಳವಾಗಿ, ಕೆರೆಗೆ ಬರುತ್ತಲೇ ಇತ್ತು. ಮೀನು ಸತ್ತವು. ಭತ್ತದ ಬೇರು ಕೆಂಪಾಯಿತು.

ಮಧ್ಯಾಹ್ನ ಬುತ್ತಿ ತಂದ ಹೆಂಡತಿ ನೀರುಗಂಟಿಯ ಮುಂದೆ ತಟ್ಟೆ ಇಟ್ಟಳು. ಅನ್ನವೂ ಕೆಂಪು.

"ಊರಿಗೆಲ್ಲ ನೀರು ಹಂಚೋನು ನೀನು," ಅಂದಳು. "ಇದ್ನೂ ನೀನೇ ಹಂಚ್ತಾ ಇದೀಯ."

ಚುಚ್ಚಿತು. ಸುಣ್ಣ ಸುಡುವ ಭಾವನನ್ನು ಕೇಳಿಕೊಂಡು ಬಂದು, ಹಳ್ಳದಲ್ಲಿ ಗುಂಡಿ ತೋಡಿ, ಸುಣ್ಣದ ಕಲ್ಲು ತುಂಬಿದ. ಎಂಟನೇ ದಿನ ಕೈ ಅದ್ದಿ ನೋಡುತ್ತಾನೆ: ಕೆಂಪೆಲ್ಲ ತಳಕ್ಕೆ ಕೂತಿದೆ, ನೀರಿನೊಳಗೆ ಅವನ ಬೆರಳು ಕಾಣುತ್ತಿವೆ. ಐದೂ ಬೆರಳು ಕಾಣುತ್ತಿವೆ.

ಒಂಬತ್ತನೇ ದಿನ ಸರ್ಕಾರದ ನೋಟಿಸು ಬಂತು. ಧಣಿಗಲ್ಲ ಸ್ವಾಮಿ, ನೀರುಗಂಟಿಗೆ.

ತಂದ ಸಾಹೇಬರು ಕೆಟ್ಟವರೇನಲ್ಲ. "ನೋಡಪ್ಪ, ಹರಿವನ್ನ ಕೊನೇಲಿ ಯಾರು ಮುಟ್ಟಿದ್ರೋ ಅವರದೇ ಹೊಣೆ. ನೀರೆಲ್ಲ ಪೂರ್ತಿ ಶುದ್ಧ ಆಗ್ಬೇಕು. ಇಲ್ದಿದ್ರೆ ಕೇಸು. ಈ ಕೆಲಸಾನೂ ಹೋಗುತ್ತೆ."

"ಮುಟ್ದೇ ಇದ್ದಿದ್ರೆ, ಬುದ್ಧಿ?"

"ಆಗ ನಿನ್ನ ಹೆಸರು ಎಲ್ಲಿಂದ ಬರ್ತಿತ್ತು?"

ಕೇಳಿದಿರಾ? ಕೆಡಿಸಿದವನಿಗೆ ಕಾಗದವಿಲ್ಲ. ಸರಿಮಾಡಲು ಕೈ ಹಾಕಿದವನಿಗೆ ಕಾಗದ. ಊರವರೂ ಅಂದರು, "ಇಲ್ಲದ ಉಸಾಬರಿ ನಿಂಗ್ಯಾಕೆ ಬೇಕಿತ್ತು? ಕಿತ್ತಾಕು ಅತ್ಲಾಗೆ." ಹೋಗುವುದು ಮೂರು ತಲೆಮಾರಿನ ನೀರುಗಂಟಿ ಕೆಲಸ. ಕಿತ್ತುಹಾಕೋಣವೆಂದೇ ಹಾರೆ ಹಿಡಿದು ಹೋದ. ಹೋಗಿ ನೋಡಿದರೆ ಗುಂಡಿಯ ಕೆಳಗಿನ ತಿಳಿನೀರಿನಲ್ಲಿ ಒಂದು ಏಡಿ. ಎಷ್ಟು ವರ್ಷಕ್ಕೆ ಒಂದು ಏಡಿ! ಹಾರೆ ಪಕ್ಕಕ್ಕಿಟ್ಟು ಕೂತುಬಿಟ್ಟ.

ಆಗ ಹೊಳೆಯಿತು. ಅಜ್ಜನ ಕಾಲದಿಂದ ಹಗ್ಗ ತೂಬಿನಿಂದ ಕೆಳಕ್ಕೇ ಇಳಿದಿದೆ. ಮೇಲಕ್ಕೆ ಒಂದು ಸಲವೂ ಹತ್ತಿಲ್ಲ. ನೀರು ಬರುವುದು ಮೇಲಿನಿಂದ, ಅಳೆದದ್ದು ಕೆಳಗೆ. ಮೇಲಿನ ಹಳ್ಳ ಯಾರ ಪಾಲಿಗೂ ಬರಲೇ ಇಲ್ಲ.

ಮರುದಿನ ಹಗ್ಗದ ತುದಿಯನ್ನು ಗಣಿಯ ಬಾಯಿಗೇ ಕಟ್ಟಿದ. ಮೊದಲ ಹನ್ನೆರಡು ಮಾರು ಧಣಿಗೆ. ಅವನ ತೆಂಗಿನ ತೋಟ ಇನ್ನೂ ಕೆರೆಯ ಕೆಳಗೇ ಇತ್ತಲ್ಲ. ಅಲ್ಲಿಂದಾಚೆ ಕೆರೆಯವರೆಗೆ ಮನೆಗೆ ಮೂರು ಮಾರು. ಜನ ಗೊಣಗಿದರು. ಆದರೆ ಹಗ್ಗ ಬಿದ್ದ ಮೇಲೆ ಇಲ್ಲ ಅನ್ನುವ ರೂಢಿ ಆ ಊರಿಗಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಪಾಲಿಗೆ ಸುಣ್ಣದ ಕಲ್ಲು ಹೊತ್ತರು. ಧಣಿಯ ಮಾರಿಗೆ ಮಡಕೆ ಬಿತ್ತು. ತೋಟಕ್ಕೆ ನೀರು ನಿಂತಿತು.

ಸಾಹೇಬರು ಮತ್ತೆ ಬಂದು, "ಈಗ ಮುಟ್ಟಿರೋರು ಯಾರ್ಯಾರಪ್ಪ?" ಅಂದರು.

"ನೂರ ಹದಿನಾಲ್ಕು ಮನೆ, ಬುದ್ಧಿ. ಬರ್ಕಳಿ. ಮುಟ್ದೇ ಇರೋರು ಒಬ್ರೇ. ಅಲ್ಲಿ ಮಡಕೆ ಐತಲ್ಲ, ಅವ್ರು."

ಸಾಹೇಬರು ಮಡಕೆಯನ್ನು ನೋಡಿದರು, ನೋಡಿದರು. ಹಳೇ ಕಾಗದ ಮಡಿಚಿ ಜೇಬಿಗಿಟ್ಟು, ಹೊಸ ಕಾಗದದ ಮೇಲೆ ಧಣಿಯ ಹೆಸರು ಬರೆದರು.

ತೆಂಗಿನ ಗರಿ ಜೋತುಬಿದ್ದಾಗ ಧಣಿಯ ಕಾರು ಬಂತು. "ಕಂಪನಿ ಮುಚ್ಚಿ ಆರು ವರ್ಷ ಆಯ್ತು ಕಣಯ್ಯಾ. ನನಗೂ ಅದಕ್ಕೂ ಏನು?"

"ಕಂಪನಿ ಮುಚ್ಚೈತೆ ಬುದ್ಧಿ. ಗುಡ್ಡ ಇನ್ನೂ ತೆರ್ಕಂಡೇ ಐತೆ."

ಹಿಂದೆ ನೂರ ಹದಿನಾಲ್ಕು ಮನೆಯವರು ನಿಂತಿದ್ದರು. ವಾರದೊಳಗೆ ಲಾರಿಯಲ್ಲಿ ಕಲ್ಲು ಬಂತು, ಆಳು ಬಂದರು. ಹನ್ನೆರಡು ಮಾರೂ ತುಂಬಿತು. ನೀರುಗಂಟಿ ತನ್ನ ಕೈಯಾರೆ ಮಡಕೆ ಇಳಿಸಿ, ಹೋಗಿ ತೂಬು ಎತ್ತಿದ.

ಈಗ ಮನಸ್ಸಿನಲ್ಲೇ ಧಣಿಯನ್ನು ಬೈಯುತ್ತಿದ್ದೀರಿ, ಅಲ್ಲವೇ? ಬೈಯಿರಿ. ಆದರೆ "ನಿಂಗ್ಯಾಕೆ ಉಸಾಬರಿ" ಅಂದವರು ಯಾರು? ಅದು ಧಣಿಯ ಮಾತಲ್ಲ, ನಮ್ಮ ಮಾತು. ದಿನಾ ನಮ್ಮ ಬಾಯಲ್ಲೇ ಬರುವ ಮಾತು. ಇವತ್ತು ಇಲ್ಲಿಂದೆದ್ದು ಹೋದವರು ನಿಮ್ಮ ಬಚ್ಚಲ ನೀರಿನ ಹಿಂದೆಯೇ ನಡೆದುಹೋಗಿ. ಅದು ಯಾರ ಬಾವಿಯ ಹತ್ತಿರ ನಿಲ್ಲುತ್ತದೆ ನೋಡಿ. ಗ್ಯಾರೇಜು ಇಟ್ಟವರು ಸುಟ್ಟ ಆಯಿಲನ್ನು ಚರಂಡಿಗೆ ಸುರಿಯುವುದನ್ನು ನಾಳೆಯಿಂದ ನಿಲ್ಲಿಸಿ. ಯಾರಾದರೂ ಒಬ್ಬ ಸರಿಮಾಡಲು ಕೈ ಹಾಕಿದರೆ ದೂರ ನಿಂತು ನೋಡಬೇಡಿ. ಅವನ ಹೆಸರಿನ ಕೆಳಗೆ ನಿಮ್ಮ ಹೆಸರೂ ಬರೆಸಿ. ನಮ್ಮ ಪಾಲಿನ ಮೂರು ಮಾರು ಇನ್ನೂ ಬಾಕಿ ಇದೆ. ಗೂಟ ನೆಟ್ಟಾಗಿದೆ, ಮಡಕೆ ಕವುಚಿಯಾಗಿದೆ. ಹೋಗುವಾಗ ನೋಡಿಕೊಂಡು ಹೋಗಿ.